ಜೆಫ್ರಿ ಹೌ ರಾಜೀನಾಮೆ: ನಿಷ್ಠೆ ಸಾಕಾಯಿತಾ, ಸೇಡು ತೀರಿಸಿಕೊಂಡರಾ?

ಹಳೇ_ಪೇಪರ್:
ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಯೂಟ್ಯೂಬಿನಲ್ಲಿ ಹಳೇ ಸಂಸತ್ತಿನ ವಿಡಿಯೋಗಳನ್ನು ನೋಡುತ್ತಾ ಕೂತಿದ್ದೆ. 1990ರ ನವೆಂಬರ್ 13ರ ಒಂದು ವಿಡಿಯೋ ಸಿಕ್ಕಿತು. ಲಂಡನ್ನಿನ ಹೌಸ್ ಆಫ್ ಕಾಮನ್ಸ್. ದಪ್ಪ ಕನ್ನಡಕ ಹಾಕಿದ, ನರೆತ ಕೂದಲಿನ ಒಬ್ಬರು ಹಿಂದಿನ ಬೆಂಚಿನಿಂದ ಎದ್ದು ಸುಮಾರು 18 ನಿಮಿಷ ಮಾತಾಡುತ್ತಾರೆ. ದನಿ ಏರುವುದಿಲ್ಲ. ಕೈ ಬೀಸುವುದಿಲ್ಲ. ಸಹಕಾರಿ ಸೊಸೈಟಿಯ ಕಾರ್ಯದರ್ಶಿ ವಾರ್ಷಿಕ ವರದಿ ಓದಿದ ಹಾಗೆ. ಆದರೆ ಅವರು ಕೂತ ಒಂಬತ್ತನೇ ದಿನಕ್ಕೆ ಮಾರ್ಗರೆಟ್ ಥ್ಯಾಚರ್ ಪ್ರಧಾನಿ ಪಟ್ಟ ಬಿಡುವುದಾಗಿ ಹೇಳಿಬಿಟ್ಟರು.

ಅವರೇ ಸರ್ ಜೆಫ್ರಿ ಹೌ. 1979ರಲ್ಲಿ ಥ್ಯಾಚರ್ ಕಟ್ಟಿದ ಮೊದಲ ಸಂಪುಟದಲ್ಲಿ ಇದ್ದವರ ಪೈಕಿ, 1990ರ ಹೊತ್ತಿಗೆ ಥ್ಯಾಚರ್ ಬಿಟ್ಟರೆ ಉಳಿದಿದ್ದವರು ಇವರೊಬ್ಬರೇ. ಅಂಥವರೇ ಗಿಡಕ್ಕೆ ಕೊಡಲಿ ಇಟ್ಟರು.

ನನ್ನ ಪ್ರಶ್ನೆ ಇಷ್ಟೇ. ಇದು ನೀತಿಯ ಜಗಳವಾ? ಅಥವಾ ಹನ್ನೊಂದು ವರ್ಷ ನುಂಗಿಕೊಂಡ ಅವಮಾನ ಒಂದೇ ಸಲ ಹೊರಗೆ ಬಂತಾ? ನನಗೆ ಎರಡನೆಯದೇ ಜಾಸ್ತಿ ಅನ್ನಿಸುತ್ತದೆ. ಬೈಯಲು ಸ್ವಾಗತ.

ತಿಂಡಿಪೋತ_ತುಮಕೂರು:
ಥ್ಯಾಚರ್ ಗೊತ್ತು. ಇವರು ಯಾರು ಸ್ವಾಮಿ? ಹೆಸರೇ ಕೇಳಿಲ್ಲ.

ಹಳೇ_ಪೇಪರ್:
ಕೇಳದೇ ಇರುವುದೇ ಇವರ ಕಥೆ ಅಂದುಕೊಳ್ಳಿ.

ಹುಟ್ಟಿದ್ದು 1926ರ ಡಿಸೆಂಬರ್ 20, ವೇಲ್ಸಿನ ಪೋರ್ಟ್ ಟಾಲ್ಬಟ್. ಉಕ್ಕಿನ ಕಾರ್ಖಾನೆಯ ಊರು. ಕೇಂಬ್ರಿಜ್‌ನಲ್ಲಿ ಓದಿ ವಕೀಲರಾದರು. 1964ರಲ್ಲಿ ಮೊದಲ ಸಲ ಸಂಸತ್ತಿಗೆ ಬಂದರು, 1966ರಲ್ಲಿ ಸೋತರು, 1970ರಲ್ಲಿ ಮತ್ತೆ ಗೆದ್ದರು. ಎಡ್ವರ್ಡ್ ಹೀತ್ ಸರ್ಕಾರದಲ್ಲಿ ಸಾಲಿಸಿಟರ್ ಜನರಲ್. ಬ್ರಿಟನ್ ಯುರೋಪಿನ ಒಕ್ಕೂಟಕ್ಕೆ ಸೇರಲು ಬೇಕಿದ್ದ 1972ರ ಕಾನೂನನ್ನು ಸದನದಲ್ಲಿ ದಾಟಿಸಿದ್ದರಲ್ಲಿ ಇವರ ಕೈ ದೊಡ್ಡದು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

1975ರಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ಥ್ಯಾಚರ್ ಎದುರು ನಿಂತಿದ್ದರು. ಅವರಿಗೆ 146 ಮತ, ಇವರಿಗೆ 19. ಆದರೂ ಥ್ಯಾಚರ್ ಇವರನ್ನೇ ವಿರೋಧ ಪಕ್ಷದ ಹಣಕಾಸು ವಕ್ತಾರ ಮಾಡಿದರು. 1979ರಿಂದ 83 ಹಣಕಾಸು ಮಂತ್ರಿ. 1983ರಿಂದ 89 ವಿದೇಶಾಂಗ ಮಂತ್ರಿ. ಕೊನೆಗೆ ಸದನದ ನಾಯಕ ಮತ್ತು ಉಪ ಪ್ರಧಾನಿ. ಪ್ರಧಾನಿ ಪಟ್ಟವೊಂದು ಬಿಟ್ಟು ದೊಡ್ಡ ಕುರ್ಚಿಗಳಲ್ಲಿ ಹೆಚ್ಚಿನವನ್ನು ಕಂಡವರು.

ಕಡಲ_ಕಾಗೆ:
ಇವರಿಗೇ ಅಲ್ವಾ ಮಾರಾಯ್ರೆ ಆ ಕುರಿ ಜೋಕು ಹೊಡೆದದ್ದು? ಲೇಬರ್ ಪಕ್ಷದ ಡೆನಿಸ್ ಹೀಲಿ, ಆಗಿನ ಹಣಕಾಸು ಮಂತ್ರಿ. 1978ರ ಜೂನ್‌ನಲ್ಲಿ ಹೌ ಅವರು ಬಜೆಟ್ ಬಗ್ಗೆ ಹೀಲಿಯನ್ನು ತರಾಟೆಗೆ ತೆಗೆದುಕೊಂಡರು. ಹೀಲಿ ಎದ್ದು, ಇವರ ದಾಳಿ ಅಂದರೆ ಸತ್ತ ಕುರಿ ಬಂದು ಕಚ್ಚಿದ ಹಾಗೆ ಅಂದುಬಿಟ್ಟರು. ಸದನಕ್ಕೆ ಸದನವೇ ನಕ್ಕಿತು. ಆ ಕುರಿ ಜೀವನಪೂರ್ತಿ ಇವರ ಬೆನ್ನು ಬಿಡಲಿಲ್ಲ.

ಹನ್ನೆರಡು ವರ್ಷ ಆದ ಮೇಲೆ ಅದೇ ಕುರಿ ಎದ್ದು ಬಂದು ಕಚ್ಚಿತು ನೋಡಿ. ಆದರೆ ಕಚ್ಚಿದ್ದು ಹೀಲಿಯನ್ನಲ್ಲ.

ಲೆಕ್ಕದ_ಮೇಷ್ಟ್ರು:
ಕುರಿ ಜೋಕು ಎಲ್ಲರಿಗೂ ನೆನಪಿರುತ್ತದೆ, ಬಜೆಟ್ ಯಾರಿಗೂ ನೆನಪಿರುವುದಿಲ್ಲ. ಸ್ವಲ್ಪ ನಿಲ್ಲಿ.

ಥ್ಯಾಚರ್ ನೀತಿ ಅಂತ ನಾವು ಏನನ್ನು ಕರೆಯುತ್ತೇವೋ ಅದರ ಮೊದಲರ್ಧ ಬರೆದದ್ದು ಈ ಮನುಷ್ಯ. 1979ರ ಮೊದಲ ಬಜೆಟ್‌ನಲ್ಲೇ ಆದಾಯ ತೆರಿಗೆಯ ಮೇಲಿನ ದರವನ್ನು ಶೇ. 83ರಿಂದ 60ಕ್ಕೆ ಇಳಿಸಿದರು. ಸಾಮಾನ್ಯ ದರ ಶೇ. 33ರಿಂದ 30ಕ್ಕೆ ಬಂತು. ಆ ದುಡ್ಡು ಎಲ್ಲಿಂದ ಬರಬೇಕು? ಸರಕಿನ ಮೇಲಿನ ವ್ಯಾಟ್. 8 ಮತ್ತು 12.5 ಎಂಬ ಎರಡು ದರ ಇತ್ತು, ಎರಡನ್ನೂ ಸೇರಿಸಿ ಸೀದಾ 15 ಮಾಡಿದರು. ಬೆಲೆ ಏರಿತು, ಏರದೆ ಇನ್ನೇನು. 1980ರ ಮೇ ಹೊತ್ತಿಗೆ ಹಣದುಬ್ಬರ ಶೇ. 21.9.

1979ರ ಅಕ್ಟೋಬರಿನಲ್ಲೇ ವಿದೇಶಿ ವಿನಿಮಯದ ನಿಯಂತ್ರಣ ಪೂರ್ತಿ ತೆಗೆದುಹಾಕಿದರು. 1939ರಲ್ಲಿ ಯುದ್ಧ ಶುರುವಾದಾಗ ಹಾಕಿದ ಬೇಲಿ ಅದು. ನಲವತ್ತು ವರ್ಷ ಯಾರೂ ಮುಟ್ಟುವ ಧೈರ್ಯ ಮಾಡಿರಲಿಲ್ಲ. ಈಗ ಲಂಡನ್ ಅಂದರೆ ಜಗತ್ತಿನ ದುಡ್ಡಿನ ಪೇಟೆ ಅನ್ನುತ್ತೇವಲ್ಲ, ಅದಕ್ಕೆ ಬಾಗಿಲು ತೆಗೆದದ್ದು ಈ ಸತ್ತ ಕುರಿ.

ಆಮೇಲೆ 1981ರ ಬಜೆಟ್. ದೇಶದಲ್ಲಿ ಕೆಲಸ ಇಲ್ಲ, ಕಾರ್ಖಾನೆಗಳು ಮುಚ್ಚುತ್ತಿವೆ. ಅಂಥ ಹೊತ್ತಲ್ಲಿ ತೆರಿಗೆ ಏರಿಸಿದರು! 364 ಅರ್ಥಶಾಸ್ತ್ರಜ್ಞರು ಒಟ್ಟಿಗೆ ಪತ್ರಿಕೆಗೆ ಕಾಗದ ಬರೆದು, ಈ ನೀತಿಗೆ ಬುಡವೇ ಇಲ್ಲ ಅಂದರು. ಉತ್ಪಾದನೆ ಆ ವರ್ಷದಿಂದ ಮೇಲಕ್ಕೆ ಬರಲು ಶುರುವಾಯಿತು. 1983ರ ಹೊತ್ತಿಗೆ ಹಣದುಬ್ಬರ ಶೇ. 4ರ ಕೆಳಗೆ ಇಳಿಯಿತು. ಆದರೆ 1982ರ ಆರಂಭಕ್ಕೆ ನಿರುದ್ಯೋಗಿಗಳು 30 ಲಕ್ಷ ದಾಟಿದ್ದರು, ಆ ಸಂಖ್ಯೆ ಎಷ್ಟೋ ವರ್ಷ ಇಳಿಯಲೇ ಇಲ್ಲ. ಯಾರು ಗೆದ್ದರು ಅಂತ ಅರ್ಥಶಾಸ್ತ್ರಜ್ಞರು ಇವತ್ತೂ ಜಗಳ ಆಡುತ್ತಾರೆ. ನನ್ನನ್ನು ಕೇಳಿದರೆ, ಲೆಕ್ಕ ಪಾಸಾಯಿತು, ಜನ ಫೇಲಾದರು.

ತಿಂಡಿಪೋತ_ತುಮಕೂರು:
ಮೇಷ್ಟ್ರೇ ನಿಮ್ಮ ಪಾಠ ಕೇಳಿ ನನಗೂ ಸ್ವಲ್ಪ ನಿದ್ದೆ ಬಂತು. ಆದ್ರೆ ಕೊನೇ ಸಾಲು ಚೆನ್ನಾಗಿತ್ತು.

ಯಾರ್ಕ್‌ಶೈರ್_ಡಾಕ್ಟ್ರು:
ನಾನು 1990ರಲ್ಲಿ ಇಂಗ್ಲೆಂಡಿನ ಉತ್ತರದಲ್ಲಿ ಒಂದು ಆಸ್ಪತ್ರೆಯಲ್ಲಿ ಜೂನಿಯರ್ ಡಾಕ್ಟರ್. ಧಾರವಾಡದಿಂದ ಹೋಗಿ ಒಂದೂವರೆ ವರ್ಷ ಆಗಿತ್ತು. ಭಾಷಣದ ದಿನ ಡಾಕ್ಟರುಗಳ ಕೋಣೆಯ ಟಿವಿಯಲ್ಲಿ ಸಂಜೆ ಸುದ್ದಿ ನೋಡಿದ್ದು ಚೆನ್ನಾಗಿ ನೆನಪಿದೆ. ಸದನದೊಳಗೆ ಟಿವಿ ಕ್ಯಾಮೆರಾ ಬಂದು ಆಗ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಕ್ಯಾಮೆರಾ ಇಲ್ಲದಿದ್ದರೆ ಈ ಭಾಷಣ ಮರುದಿನದ ಪೇಪರಿನ ಒಂದು ಕಾಲಂ ಆಗುತ್ತಿತ್ತು ಅಷ್ಟೇ. ಮುಂದಿನ ಸಾಲಿನಲ್ಲಿ ಥ್ಯಾಚರ್ ತುಟಿ ಬಿಗಿಹಿಡಿದು ಕೂತಿದ್ದನ್ನು ಇಡೀ ದೇಶ ಕಂಡಿತು.

ಆದರೆ ನಿಮ್ಮೆಲ್ಲರ ಚರ್ಚೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಪೋಲ್ ಟ್ಯಾಕ್ಸ್. ಮೊದಲು ಮನೆಯ ಬೆಲೆ ನೋಡಿ ಸ್ಥಳೀಯ ತೆರಿಗೆ ಇರುತ್ತಿತ್ತು. ಥ್ಯಾಚರ್ ಅದನ್ನು ತಲೆಗೆ ಇಷ್ಟು ಅಂತ ಮಾಡಿದರು. ಬಂಗಲೆಯ ಧಣಿಗೂ ಅಷ್ಟೇ, ಅವನ ಮನೆ ಗುಡಿಸುವವಳಿಗೂ ಹೆಚ್ಚುಕಮ್ಮಿ ಅಷ್ಟೇ. ಇಂಗ್ಲೆಂಡಿಗೆ ಬಂದದ್ದು 1990ರ ಏಪ್ರಿಲ್. ಅದರ ಹಿಂದಿನ ದಿನ, ಮಾರ್ಚ್ 31ಕ್ಕೆ, ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಭೆ. ನಾವು ನಾಲ್ಕು ಜನ ಒಂದು ಬಾಡಿಗೆ ಮನೆಯಲ್ಲಿದ್ದೆವು, ನಾಲ್ಕು ಬಿಲ್ಲು ಬಂತು. ನಮ್ಮ ಮನೆ ಮಾಲೀಕಳು ಆಜನ್ಮ ಕನ್ಸರ್ವೇಟಿವ್. ಅವಳೇ ಥ್ಯಾಚರ್‌ಗೆ ಹಿಡಿ ಶಾಪ ಹಾಕುತ್ತಿದ್ದಳು.

ಅಕ್ಟೋಬರಿನಲ್ಲಿ ಈಸ್ಟ್‌ಬೋರ್ನ್ ಉಪಚುನಾವಣೆ ಬಂತು. ಅಲ್ಲಿನ ಎಂಪಿ ಇಯಾನ್ ಗೌ ಅವರನ್ನು ಐಆರ್‌ಎ ಅನ್ನುವ ಐರಿಷ್ ಸಶಸ್ತ್ರ ಗುಂಪು ಬಾಂಬ್ ಇಟ್ಟು ಕೊಂದಿತ್ತು. ಕಣ್ಣು ಮುಚ್ಚಿ ಗೆಲ್ಲುವ ಕ್ಷೇತ್ರ ಅದು, ಅದನ್ನೂ ಕಳೆದುಕೊಂಡರು. ಆಗ ಎಂಪಿಗಳ ಹೊಟ್ಟೆಯಲ್ಲಿ ನಡುಕ ಹುಟ್ಟಿತು. ಹುಲ್ಲು ಒಣಗಿ ನಿಂತಿತ್ತು. ಹೌ ಕಡ್ಡಿ ಗೀರಿದರು.

ಕಡಲ_ಕಾಗೆ:
ಡಾಕ್ಟ್ರೇ, ನೀವು ಆ ಬಿಲ್ ಕಟ್ಟಿದ್ರಾ ಇಲ್ವಾ? ಅದು ಮುಖ್ಯ.

ಸಂಪಿಗೆ_ಮರ:
ನಾನು ಹಳೇ_ಪೇಪರ್ ಅವರ ಪಕ್ಷ. 1989ರ ಜುಲೈ 24 ನೋಡಿ, ಎಲ್ಲ ಅರ್ಥವಾಗುತ್ತದೆ.

ಆರು ವರ್ಷ ವಿದೇಶಾಂಗ ಮಂತ್ರಿಯಾಗಿದ್ದವರು. 1984ರಲ್ಲಿ ಹಾಂಗ್‌ಕಾಂಗ್ ಬಗ್ಗೆ ಚೀನಾ ಜೊತೆ ಒಪ್ಪಂದ, 1985ರಲ್ಲಿ ಐರ್ಲೆಂಡ್ ಜೊತೆ ಒಪ್ಪಂದ, ಎರಡೂ ಇವರ ಕಾಲದಲ್ಲೇ ಆದವು. ಗಂಟೆಗಟ್ಟಲೆ ಕೂತು, ಒಂದೊಂದು ಪದ ತಿದ್ದಿ ಮುಗಿಸುವ ಕೆಲಸ ಅವು. ಗದ್ದಲ ಮಾಡುವವರಿಂದ ಆಗುವಂಥದ್ದಲ್ಲ. ಒಂದು ಬೆಳಿಗ್ಗೆ ಥ್ಯಾಚರ್ ಕರೆದು ನಿಮ್ಮ ಖಾತೆ ತೆಗೆದಿದ್ದೇನೆ ಅಂದರು. ಆ ಜಾಗಕ್ಕೆ ಬಂದವರು ಜಾನ್ ಮೇಜರ್, ಸಂಪುಟಕ್ಕೆ ಬಂದು ಎರಡೇ ವರ್ಷವಾಗಿದ್ದವರು.

ಜೊತೆಗೆ ಮನೆ. ಬ್ರಿಟನ್ನಿನಲ್ಲಿ ವಿದೇಶಾಂಗ ಮಂತ್ರಿ ಬಳಸುತ್ತಿದ್ದ ಹಳ್ಳಿಮನೆ ಚೀವನಿಂಗ್. ಕೆಂಟ್ ಕಡೆ ಇದೆ, ಹೌ ದಂಪತಿಗೆ ಪ್ರಾಣ. ಅದೂ ಹೋಯಿತು. ಅದರ ಬದಲು ಡಾರ್ನಿವುಡ್ ಅನ್ನುವ ಇನ್ನೊಂದು ಮನೆ ಕೊಟ್ಟರು. ಅದು ಆಗ ಹಣಕಾಸು ಮಂತ್ರಿ ನೈಜೆಲ್ ಲಾಸನ್ ಕೈಯಲ್ಲಿತ್ತು. ಅವರನ್ನು ಎಬ್ಬಿಸಿ ಇವರಿಗೆ! ಒಂದೇ ಏಟಿಗೆ ಇಬ್ಬರಿಗೂ ಉರಿಸಿದರು.

ಸಮಾಧಾನಕ್ಕೆ ಉಪ ಪ್ರಧಾನಿ ಅನ್ನುವ ಬಿರುದು. ಮರುದಿನವೇ ಪ್ರಧಾನಿಯ ಪತ್ರಿಕಾ ಕಾರ್ಯದರ್ಶಿ ಬರ್ನಾರ್ಡ್ ಇಂಗಮ್, ಅದರಲ್ಲಿ ಅಂಥದ್ದೇನೂ ಇಲ್ಲ ಅನ್ನುವ ಹಾಗೆ ಪತ್ರಕರ್ತರಿಗೆ ಹೇಳಿದರು. ಮದುವೆ ಮನೆಯಲ್ಲಿ ಹಿರಿಯರನ್ನು ಮುಂದಿನ ಪಂಕ್ತಿಯಿಂದ ಎಬ್ಬಿಸಿ, ಮೂಲೆಯಲ್ಲಿ ಎಲೆ ಹಾಕಿ, ಬಡಿಸುವವನ ಕೈಲಿ ಇವರಿಗೆ ಹೋಳಿಗೆ ಇಲ್ಲ ಅನ್ನಿಸಿದ ಹಾಗಾಯಿತು. ನಾನು ಕೆಲಸ ಮಾಡುವ ಕಡೆ ಇಂಥದ್ದು ನೋಡಿದ್ದೇನೆ. ಹುದ್ದೆಯ ಹೆಸರು ಉದ್ದವಾಗುತ್ತಾ ಹೋಗುತ್ತದೆ, ಮೇಜು ಕಿಟಕಿಯಿಂದ ದೂರವಾಗುತ್ತಾ ಹೋಗುತ್ತದೆ.

ಲೆಕ್ಕದ_ಮೇಷ್ಟ್ರು:
ಸಂಪಿಗೆಯವರೇ, ಕಥೆ ಚೆನ್ನಾಗಿದೆ. ಆದರೆ ಆ ಬೆಳಿಗ್ಗೆ ಯಾಕೆ ಬಂತು ಅಂತ ಹೇಳಲಿಲ್ಲ.

ಒಂದು ತಿಂಗಳು ಹಿಂದೆ, ಜೂನ್ 25ರ ಭಾನುವಾರ, ಮ್ಯಾಡ್ರಿಡ್ ಶೃಂಗಸಭೆಗೆ ಹೊರಡುವ ಮೊದಲು ಹೌ ಮತ್ತು ಲಾಸನ್ ಇಬ್ಬರೂ ಥ್ಯಾಚರ್ ಎದುರು ಕೂತರು. ಯುರೋಪಿನ ಕರೆನ್ಸಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟುವ ವ್ಯವಸ್ಥೆ ಒಂದಿತ್ತು, ಇಆರ್‌ಎಂ ಅಂತ. ಪೌಂಡನ್ನು ಅದಕ್ಕೆ ಸೇರಿಸುವ ಬಗ್ಗೆ ಸ್ಪಷ್ಟ ಮಾತು ಕೊಡಿ, ಇಲ್ಲದಿದ್ದರೆ ನಾವಿಬ್ಬರೂ ಹೊರಗೆ ಅಂದರು. ದೇಶದ ಹಣಕಾಸು ಮಂತ್ರಿ, ವಿದೇಶಾಂಗ ಮಂತ್ರಿ, ಇಬ್ಬರೂ ಒಟ್ಟಿಗೆ! ಥ್ಯಾಚರ್ ಮ್ಯಾಡ್ರಿಡ್‌ನಲ್ಲಿ ಅರ್ಧ ಬಗ್ಗಿದರು. ಊರಿಗೆ ಬಂದು ಹೌ ಅವರನ್ನು ಕಿತ್ತರು. ಅಕ್ಟೋಬರ್ 26ಕ್ಕೆ ಲಾಸನ್ ತಾವೇ ಹೋದರು, ಪ್ರಧಾನಿಯ ಸಲಹೆಗಾರ ಅಲನ್ ವಾಲ್ಟರ್ಸ್ ಜೊತೆಗಿನ ಜಟಾಪಟಿಯಲ್ಲಿ.

ಅಂದರೆ ಮನೆ ಹೋದದ್ದಕ್ಕೆ ಜಗಳ ಬರಲಿಲ್ಲ. ಜಗಳ ಆದದ್ದಕ್ಕೆ ಮನೆ ಹೋಯಿತು. ಯುರೋಪ್ ಬಗ್ಗೆ ಹೌ ಅವರ ನಂಬಿಕೆ 1972ರದ್ದು. 1990ರ ಕೋಪಕ್ಕೆ ಹುಟ್ಟಿದ್ದಲ್ಲ.

ಹಳೇ_ಪೇಪರ್:
ಮೇಷ್ಟ್ರೇ, ನಂಬಿಕೆ 1972ರದ್ದೇ ಇರಲಿ. ಹಾಗಾದರೆ ಲಾಸನ್ ಹೋದಾಗ ಯಾಕೆ ಹೋಗಲಿಲ್ಲ? ಒಂದು ವರ್ಷ ಯಾಕೆ ಕೂತರು? 1990ರ ಅಕ್ಟೋಬರ್ 8ಕ್ಕೆ ಪೌಂಡ್ ಇಆರ್‌ಎಂಗೆ ಸೇರಿಯೇ ಬಿಟ್ಟಿತ್ತಲ್ಲ, ಇವರು ಕೇಳಿದ್ದು ಸಿಕ್ಕಿತ್ತಲ್ಲ? ಸಿಕ್ಕ ಮೇಲೆ ಮೂರೂವರೆ ವಾರಕ್ಕೆ ರಾಜೀನಾಮೆ!

ಕೊನೆಯ ವಾರ ಹೀಗಿತ್ತು. ಅಕ್ಟೋಬರ್ ಕೊನೆಗೆ ರೋಮ್ ಶೃಂಗಸಭೆ. ಉಳಿದವರೆಲ್ಲ ಒಂದೇ ಕರೆನ್ಸಿಯ ಕಡೆ, ಥ್ಯಾಚರ್ ಒಂಟಿ. ಅದೇ ಭಾನುವಾರ ಹೌ ಬ್ರಿಟನ್ನಿನಲ್ಲಿ ಟಿವಿ ಸಂದರ್ಶನದಲ್ಲಿ, ತತ್ವವಾಗಿ ನಮಗೇನೂ ವಿರೋಧ ಇಲ್ಲ ಅನ್ನುವಂತೆ ಮಾತಾಡಿದರು. 30ರ ಮಂಗಳವಾರ ಥ್ಯಾಚರ್ ಸದನಕ್ಕೆ ಬಂದು ವರದಿ ಕೊಟ್ಟರು. ಬರೆದು ತಂದದ್ದು ಓದುವ ತನಕ ಸರಿಯಾಗಿಯೇ ಇತ್ತು. ಪ್ರಶ್ನೆ ಶುರುವಾದ ಮೇಲೆ ಯುರೋಪಿಯನ್ ಆಯೋಗದ ಅಧ್ಯಕ್ಷ ಜಾಕ್ ಡೆಲೋರ್ ಅವರ ಯೋಜನೆಗಳನ್ನು ಒಂದೊಂದಾಗಿ ಎತ್ತಿ, ‘ಇಲ್ಲ. ಇಲ್ಲ. ಇಲ್ಲ’ ಅಂದರು. ಅದೇ ಸಾಲಿನಲ್ಲಿ ಹೌ ಮುಖ ಬಾಡಿಸಿಕೊಂಡು ಕೂತಿದ್ದರು.

ನವೆಂಬರ್ 1, ಗುರುವಾರ ಬೆಳಿಗ್ಗೆ ಸಂಪುಟ ಸಭೆ. ಮುಂದಿನ ಅಧಿವೇಶನದ ಮಸೂದೆಗಳು ತಯಾರಿಲ್ಲ ಅಂತ ಥ್ಯಾಚರ್ ಎಲ್ಲರೆದುರೂ ಹೌ ಅವರನ್ನು ಝಾಡಿಸಿದರು. ಅವತ್ತು ಸಂಜೆಯೇ ರಾಜೀನಾಮೆ. ಈಗ ಹೇಳಿ ಮೇಷ್ಟ್ರೇ, ಕಡ್ಡಿ ಮುರಿದದ್ದು ಯುರೋಪಾ, ಆ ಬೆಳಿಗ್ಗೆಯಾ?

ಹುಬ್ಬಳ್ಳಿ_ಗೂಗ್ಲಿ:
ನೀವಿಬ್ರೂ ಜಗಳ ಆಡ್ರಿ, ನಾನು ಕ್ರಿಕೆಟ್ಟಿಗೆ ಬರ್ತೀನಿ. ಈ ಭಾಷಣದಲ್ಲಿ ಎಲ್ಲರಿಗೂ ನೆನಪಿರೋದು ಅದೇ ಅಲ್ವಾ.

ನವೆಂಬರ್ 12ರ ರಾತ್ರಿ ಲಂಡನ್ ಲಾರ್ಡ್ ಮೇಯರ್ ಔತಣಕೂಟದಲ್ಲಿ ಥ್ಯಾಚರ್ ತಾವೇ ಬ್ಯಾಟ್ ಹಿಡಿದರು. ಬೌಲಿಂಗ್ ಇತ್ತೀಚೆಗೆ ಜೋರಾಗಿದೆ, ಆದರೂ ನಾನಿನ್ನೂ ಕ್ರೀಸಿನಲ್ಲೇ ಇದ್ದೇನೆ, ಬೌನ್ಸರ್‌ಗೆ ತಲೆ ಬಗ್ಗಿಸುವುದಿಲ್ಲ, ಮೈದಾನದ ಎಲ್ಲ ಮೂಲೆಗೂ ಬಾರಿಸುತ್ತೇನೆ, ಈ ಧಾಟಿ. ಮರುದಿನ ಹೌ ಎದ್ದರು. ಅವರು ಹೇಳಿದ್ದು ಹೀಗೆ: ಓಪನರ್‌ಗಳನ್ನು ಕ್ರೀಸಿಗೆ ಕಳಿಸುತ್ತೀರಿ. ಮೊದಲ ಎಸೆತಗಳು ಬೀಳುವ ಹೊತ್ತಿಗೆ ಅವರಿಗೆ ಗೊತ್ತಾಗುತ್ತದೆ, ಆಟ ಶುರುವಾಗುವ ಮುಂಚೆಯೇ ಅವರ ಬ್ಯಾಟುಗಳನ್ನು ಮುರಿದಿಟ್ಟವರು ತಂಡದ ಕ್ಯಾಪ್ಟನ್ನೇ ಅಂತ.

ಇದರಲ್ಲಿ ಓಪನರ್‌ಗಳು ಅಂದರೆ ಹಣಕಾಸು ಮಂತ್ರಿ ಮತ್ತು ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್. ಅವರು ಯುರೋಪಿನಲ್ಲಿ ಬ್ರಿಟನ್ನಿನ ಪರ ಒಂದು ಯೋಜನೆ ಮಾರಲು ಹೊರಟಿದ್ದರು. ಥ್ಯಾಚರ್ ಸದನದಲ್ಲಿ ಅದನ್ನು ಯಾರೂ ಬಳಸೋದಿಲ್ಲ ಅನ್ನುವ ಹಾಗೆ ಮಾತಾಡಿದ್ದರು. ಅಂದರೆ ಹೋಲಿಕೆ ಬರೀ ಚಂದಕ್ಕೆ ಹಾಕಿದ್ದಲ್ಲ. ಲೆಗ್ ಸ್ಟಂಪಿನ ಮೇಲೆ ಬಿದ್ದು ಆಫ್ ಸ್ಟಂಪ್ ಎಗರಿಸಿದ ಎಸೆತ. ಚಂದ್ರಶೇಖರ್ ನೆನಪಾದರು ನನಗೆ. ರನ್ನಪ್ ನೋಡಿದರೆ ಏನೂ ಅನ್ನಿಸೋದಿಲ್ಲ, ಚೆಂಡು ಬಿದ್ದ ಮೇಲೆ ಗೊತ್ತಾಗೋದು.

ಸಂಪಿಗೆ_ಮರ:
ಕ್ರಿಕೆಟ್‌ಗಿಂತ ನನಗೆ ಹಿಡಿಸಿದ್ದು ಆರಂಭದ ಒಂದು ಮಾತು. ಇವರು ಹೋದ ಮೇಲೆ ಸರ್ಕಾರದ ಕಡೆಯವರು, ನೀತಿಯಲ್ಲಿ ಭಿನ್ನಾಭಿಪ್ರಾಯ ಏನಿಲ್ಲ, ಬರೀ ಮಾತಿನ ಧಾಟಿಯ ವ್ಯತ್ಯಾಸ ಅಂತ ಹಬ್ಬಿಸಿದ್ದರು. ಅದಕ್ಕೆ ಹೌ: ನನ್ನ ಕೆಲವು ಹಳೇ ಸಹೋದ್ಯೋಗಿಗಳನ್ನು ನಂಬುವುದಾದರೆ, ಸರ್ಕಾರದ ನೀತಿಯನ್ನು ಪೂರ್ತಿ ಒಪ್ಪಿಕೊಂಡ ಕಾರಣಕ್ಕೇ ರಾಜೀನಾಮೆ ಕೊಟ್ಟ ಇತಿಹಾಸದ ಮೊದಲ ಮಂತ್ರಿ ನಾನೇ ಇರಬೇಕು.

ಸದನ ನಗುತ್ತದೆ. ಆ ನಗುವಿನಲ್ಲೇ ಅರ್ಧ ಕೆಲಸ ಮುಗಿದಿತ್ತು. ಕೊನೆಗೆ, ನಿಷ್ಠೆಗಳ ಈ ದುರಂತ ತಿಕ್ಕಾಟದಲ್ಲಿ ನಾನು ಬಹುಶಃ ಅತಿ ದೀರ್ಘ ಕಾಲ ಒದ್ದಾಡಿದೆ, ಉಳಿದವರು ಏನು ಮಾಡಬೇಕು ಅಂತ ಯೋಚಿಸುವ ಸಮಯ ಬಂದಿದೆ ಅಂತ ಕೂತರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ನೋಡುತ್ತಾ ಕೂತವರ ಕೈಗೆ ಗಂಟೆ ಕೊಟ್ಟ ಹಾಗೆ.

ಲೆಕ್ಕದ_ಮೇಷ್ಟ್ರು:
ನೋಡಿ, ನೀವೇ ನನ್ನ ಪರ ವಾದ ಮಾಡಿದಿರಿ. ‘ಬರೀ ಧಾಟಿ, ನೀತಿ ಅಲ್ಲ’ ಅನ್ನುವುದನ್ನು ಗೇಲಿ ಮಾಡಲೆಂದೇ ಅವರು ಎದ್ದದ್ದು. ನೀವೂ ಹಳೇ_ಪೇಪರ್ ಅವರೂ ಈಗ ಹೇಳುತ್ತಿರುವುದು ಥ್ಯಾಚರ್ ಕಡೆಯವರು ಅವತ್ತು ಹೇಳಿದ್ದನ್ನೇ!

ಹಳೇ_ಪೇಪರ್:
ಇದಕ್ಕೆ ಉತ್ತರ ಯೋಚಿಸಬೇಕು. ಟೀ ಕುಡಿದು ಬರುತ್ತೇನೆ.

ತಿಂಡಿಪೋತ_ತುಮಕೂರು:
ಒಂದು ಡೌಟು. ಆಮೇಲೆ ವೋಟಿಂಗ್ ಆಯಿತಲ್ಲ, ಅದರಲ್ಲಿ ಥ್ಯಾಚರ್‌ಗೇ ಜಾಸ್ತಿ ಬಂತು ಅಂತ ಓದಿದೆ. ಗೆದ್ದವರು ಯಾಕೆ ಹೋದರು?

ಲೆಕ್ಕದ_ಮೇಷ್ಟ್ರು:
ಒಳ್ಳೇ ಪ್ರಶ್ನೆ. ಭಾಷಣದ ಮರುದಿನ ಮೈಕೆಲ್ ಹೆಸೆಲ್‌ಟೈನ್ ನಾಯಕತ್ವಕ್ಕೆ ಸವಾಲು ಹಾಕಿದರು. ಇವರು 1986ರಲ್ಲಿ ವೆಸ್ಟ್‌ಲ್ಯಾಂಡ್ ಹೆಲಿಕಾಪ್ಟರ್ ಕಂಪನಿ ವಿಚಾರಕ್ಕೆ ಸಂಪುಟ ಸಭೆಯಿಂದಲೇ ಎದ್ದು ಹೊರಗೆ ನಡೆದವರು. ನವೆಂಬರ್ 20ಕ್ಕೆ ಪಕ್ಷದ 372 ಎಂಪಿಗಳ ಮತದಾನ. ಥ್ಯಾಚರ್ 204, ಹೆಸೆಲ್‌ಟೈನ್ 152, ಯಾರಿಗೂ ಇಲ್ಲದ್ದು 16.

ಬಹುಮತ ಇದ್ದರೆ ಸಾಲದು, ಎರಡನೆಯವರಿಗಿಂತ ಒಟ್ಟು ಮತದಾರರ ಶೇ. 15ರಷ್ಟು ಮುಂದಿರಬೇಕು ಅಂತ ಪಕ್ಷದ ನಿಯಮ. 372ಕ್ಕೆ ಶೇ. 15 ಅಂದರೆ 55.8, ಅಂದರೆ 56 ಬೇಕು. ಅಂತರ ಬಂದದ್ದು 52. ನಾಲ್ಕು ಕಡಿಮೆ. ಇಬ್ಬರು, ಬರೀ ಇಬ್ಬರು ಆ ಕಡೆಯಿಂದ ಈ ಕಡೆ ಬಂದಿದ್ದರೆ ಮುಗಿದಿತ್ತು.

ಮತದಾನದ ಹೊತ್ತಿಗೆ ಥ್ಯಾಚರ್ ಪ್ಯಾರಿಸ್ ಶೃಂಗಸಭೆಯಲ್ಲಿದ್ದರು. ಎಂಪಿಗಳ ಭುಜ ತಟ್ಟಲು ಊರಲ್ಲೇ ಇರಲಿಲ್ಲ. ವಾಪಸು ಬಂದು ಹೋರಾಡುತ್ತೇನೆ ಅಂದರು. ಆ ಸಂಜೆ ಮಂತ್ರಿಗಳನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರು. ನಾನಂತೂ ನಿಮ್ಮ ಜೊತೆ, ಆದರೆ ನೀವು ಗೆಲ್ಲೋದಿಲ್ಲ ಅಂತ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ರಾಗ. 22ಕ್ಕೆ ಕೈಬಿಟ್ಟರು. ಎರಡನೇ ಸುತ್ತಿನಲ್ಲಿ ಜಾನ್ ಮೇಜರ್ 185, ಹೆಸೆಲ್‌ಟೈನ್ 131, ಡಗ್ಲಸ್ ಹರ್ಡ್ 56. ಹೌ ಅವರ ಕುರ್ಚಿಗೆ ಬಂದು ಕೂತಿದ್ದ ಮೇಜರ್ ಪ್ರಧಾನಿಯಾದರು. ಹೌ ಸ್ಪರ್ಧಿಸಲೇ ಇಲ್ಲ.

ಕಪ್ಪು_ಕೋಟು:
ತಡವಾಗಿ ಬಂದೆ, ಕೋರ್ಟು ಇತ್ತು. ಕಾನೂನಿನ ಒಂದು ಮಾತು.

ಹೌ ಮಾಡಿದ್ದು ಸಾಮಾನ್ಯ ಭಾಷಣವಲ್ಲ. ರಾಜೀನಾಮೆ ಕೊಟ್ಟ ಮಂತ್ರಿಗೆ ಸದನದಲ್ಲಿ ಕಾರಣ ಹೇಳಲು ಅವಕಾಶ ಕೊಡುವ ಹಳೇ ಪದ್ಧತಿ ಅದು. ಮಧ್ಯೆ ಬಾಯಿ ಹಾಕುವಂತಿಲ್ಲ, ಆಮೇಲೆ ಚರ್ಚೆ ಇಲ್ಲ. ಹಾಗಾಗಿಯೇ ಅಷ್ಟು ಮೆಲ್ಲನೆ ಮಾತಾಡುವವರ ಮಾತೂ ಕೇಳಿಸಿತು. ಮಾಮೂಲಿ ಗಲಾಟೆಯಲ್ಲಿ ಆಗಿದ್ದರೆ ಮತ್ತೆ ಸತ್ತ ಕುರಿಯೇ.

ಈ ಪದ್ಧತಿ ನಮ್ಮಲ್ಲೂ ಇದೆ. ಲೋಕಸಭೆಯ ನಿಯಮ 199. ಇದರ ದೊಡ್ಡ ನೆನಪು ಅಂದರೆ ಬಾಬಾಸಾಹೇಬ್ ಅಂಬೇಡ್ಕರ್. 1951ರಲ್ಲಿ ಹಿಂದೂ ಕೋಡ್ ಮಸೂದೆ ಕುಂಟಿದ ಮೇಲೆ ಕಾನೂನು ಮಂತ್ರಿ ಸ್ಥಾನ ಬಿಟ್ಟರು. ಅಕ್ಟೋಬರ್ 10ಕ್ಕೆ ಹೇಳಿಕೆ ಓದಲು ಬಂದರೆ, ಪ್ರತಿಯನ್ನು ಮುಂಚೆ ಕೊಡುವ ವಿಚಾರ, ಓದುವ ಸಮಯದ ವಿಚಾರ ತಕರಾರಾಯಿತು. ಅಂಬೇಡ್ಕರ್ ಎದ್ದು ಹೊರನಡೆದರು. ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಸದನದ ಒಳಗೆ ಓದಿದ್ದರೆ ಎಷ್ಟು ದೂರ ಕೇಳುತ್ತಿತ್ತೋ ಅದಕ್ಕಿಂತ ಜಾಸ್ತಿ ದೂರ ಇವತ್ತಿಗೂ ಕೇಳುತ್ತಿದೆ. ಅದನ್ನು ಓದಿ, ಹೌ ಭಾಷಣವನ್ನೂ ಓದಿ. ಹೌ ಒಬ್ಬ ನಾಯಕಿಯನ್ನು ಇಳಿಸಿದರು. ಅಂಬೇಡ್ಕರ್ ಯಾರನ್ನೂ ಇಳಿಸಲಿಲ್ಲ, ಆದರೆ ಎತ್ತಿದ ಪ್ರಶ್ನೆ ದೊಡ್ಡದು.

ಕಡಲ_ಕಾಗೆ:
ಕೋಟಿನವರೇ ಇದು ಒಳ್ಳೆದಾಯ್ತು, ನನಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ. ಭಾಷಣ ಬರೆದದ್ದು ಹೆಂಡತಿ ಎಲ್ಸ್‌ಪೆತ್ ಅಂತ ಒಂದು ಜೋಕು ಓಡಾಡ್ತಿತ್ತಂತೆ. ಬರೆಯಲು ಆಕೆಗೆ ಹತ್ತು ನಿಮಿಷ ಸಾಕಾಯ್ತು, ಓದಲು ಗಂಡನಿಗೆ ಹತ್ತು ವರ್ಷ ಬೇಕಾಯ್ತು ಅಂತ.

ಸಂಪಿಗೆ_ಮರ:
ಕಾಗೆಯವರೇ, ಆ ಜೋಕಿಗೆ ನಾನು ನಗುವುದಿಲ್ಲ. ಗಂಡಸು ತಿರುಗಿಬಿದ್ದರೆ ಹಿಂದೆ ಹೆಂಡತಿ ಇರಲೇಬೇಕು ಅನ್ನುವ ಹಳೇ ಚಾಳಿ ಅದು. ಎಲ್ಸ್‌ಪೆತ್ ಹೌ ಸ್ವಂತ ಬಲದ ಹೆಂಗಸು. ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಿಸುವ ಆಯೋಗದ ಉಪಾಧ್ಯಕ್ಷೆ ಆಗಿದ್ದರು. ಗಂಡ ಮಂತ್ರಿಯಾದ ಮೇಲೆ ಆ ಹುದ್ದೆ ಬಿಟ್ಟರು. ಆಮೇಲೆ 2001ರಲ್ಲಿ ತಮ್ಮ ಸ್ವಂತ ಹೆಸರಿನಲ್ಲೇ ಹೌಸ್ ಆಫ್ ಲಾರ್ಡ್ಸ್‌ಗೆ ಬಂದರು. ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆಯಾಗಿ ಅಲ್ಲಿ ಜಾಗ.

ಕಡಲ_ಕಾಗೆ:
ತಪ್ಪಾಯ್ತು ಅಕ್ಕಾ. ಜೋಕು ನನ್ನದಲ್ಲ, ಲಂಡನ್ನಿನವರದ್ದು.

ಹಳೇ_ಪೇಪರ್:
ಟೀ ಮುಗಿಯಿತು. ಮೇಷ್ಟ್ರೇ, ಅರ್ಧ ಒಪ್ಪಿದೆ.

ನೀತಿಯೇ ಕಾರಣ ಅನ್ನೋಣ. ಆದರೆ ಅದೇ ನೀತಿ ನಂಬಿದ್ದ ಮಂತ್ರಿಗಳು ಸಂಪುಟದಲ್ಲಿ ಇನ್ನೂ ಇದ್ದರು, ಹರ್ಡ್ ಇದ್ದರು, ಅವರ್ಯಾರೂ ಹೋಗಲಿಲ್ಲ. ನೀತಿಯ ಜೊತೆ ಅವಮಾನವೂ ಸೇರಿದವರು ಮಾತ್ರ ಹೋದರು. ನನ್ನ ತಿದ್ದಿದ ವಾದ ಇದು: ಹೋಗಲು ಕಾರಣ ಯುರೋಪ್. ಹೋದ ದಿನ ಯಾವುದು ಅಂತ ತೀರ್ಮಾನಿಸಿದ್ದು ಅವಮಾನ.

ಲೆಕ್ಕದ_ಮೇಷ್ಟ್ರು:
ಇದನ್ನು ಒಪ್ಪುತ್ತೇನೆ. ಆದರೆ ಹೌ ಅವರನ್ನು ಪೂರ್ತಿ ಸಂತ ಮಾಡಬೇಡಿ. ಯಾವ ಇಆರ್‌ಎಂಗಾಗಿ ಇಷ್ಟು ಹಠ ಮಾಡಿದರೋ, ಅದರಿಂದ ಪೌಂಡ್ ಎರಡೇ ವರ್ಷಕ್ಕೆ ಹೊರಬಿತ್ತು. 1992ರ ಸೆಪ್ಟೆಂಬರ್ 16ರ ಬುಧವಾರ. ಬಡ್ಡಿ ದರ 10ರಿಂದ 12 ಮಾಡಿದರು, ಅದೇ ದಿನ 15 ಮಾಡುತ್ತೇವೆ ಅಂದರು, ಆದರೂ ಪೌಂಡ್ ನಿಲ್ಲಲಿಲ್ಲ. ಸಂಜೆಗೆ ಹೊರಗೆ ಬಂದರು. ಆ ವಿಷಯದಲ್ಲಿ ಥ್ಯಾಚರ್ ಅನುಮಾನ ಸುಳ್ಳಾಗಲಿಲ್ಲ. ಹೌ ಕಡೆಯವರು ಬೇರೆ ಹೇಳುತ್ತಾರೆ, 1985ರಲ್ಲೇ ಸೇರಿದ್ದರೆ ಸರಿಹೋಗುತ್ತಿತ್ತು ಅಂತ. ಇರಬಹುದು.

ಕಪ್ಪು_ಕೋಟು:
ಥ್ಯಾಚರ್ ಕೊನೆಯವರೆಗೂ ಮರೆಯಲಿಲ್ಲ. ಹೌ ಅವರನ್ನು ಜನ ನೆನಪಿಡುವುದು ಹಣಕಾಸು ಮಂತ್ರಿಯಾಗಿ ಅಲ್ಲ, ವಿದೇಶಾಂಗ ಮಂತ್ರಿಯಾಗಿ ಅಲ್ಲ, ವಿಷ ಮತ್ತು ದ್ರೋಹದ ಈ ಕೊನೆಯ ಕೆಲಸಕ್ಕೆ ಅಂತ ತಮ್ಮ ನೆನಪುಗಳಲ್ಲಿ ಬರೆದರು. ಸಿಟ್ಟಿನಲ್ಲಿ ಬರೆದದ್ದೇ ಆದರೂ ಮೊದಲರ್ಧ ನಿಜವಾಯಿತು. ಈ ಚರ್ಚೆಯೇ ಸಾಕ್ಷಿ.

1972ರ ಕಾನೂನು ಅಂದಿರಲ್ಲ, ಅದು ರದ್ದಾದದ್ದನ್ನು ಹೌ ನೋಡಲಿಲ್ಲ. 2015ರ ಅಕ್ಟೋಬರ್ 9ಕ್ಕೆ ತೀರಿಕೊಂಡರು. ಬ್ರೆಕ್ಸಿಟ್ ಜನಮತ ಬಂದದ್ದು ಮರುವರ್ಷ ಜೂನ್‌ನಲ್ಲಿ.

ಕಡಲ_ಕಾಗೆ:
ಅದಕ್ಕಿಂತ ವಿಚಿತ್ರ ಗೊತ್ತುಂಟಾ? ಕುರಿ ಜೋಕಿನ ಹೀಲಿ ತೀರಿಕೊಂಡದ್ದು ಅದೇ ಅಕ್ಟೋಬರ್ 3ಕ್ಕೆ. ಆರು ದಿನ ವ್ಯತ್ಯಾಸ. ಅಷ್ಟು ಹೊತ್ತಿಗೆ ಇಬ್ಬರೂ ಸ್ನೇಹಿತರಾಗಿದ್ದರು.

ತಿಂಡಿಪೋತ_ತುಮಕೂರು:
ಈಗ ವಿಡಿಯೋ ಪೂರ್ತಿ ನೋಡಿದೆ. ಮೊದಲ ಎರಡು ನಿಮಿಷ ಏನಪ್ಪಾ ಇದು ಅನ್ನಿಸ್ತು. ಆಮೇಲೆ ಫೋನ್ ಕೆಳಗಿಡಲಿಲ್ಲ. ಪಕ್ಕದಲ್ಲಿ ಕೂತಿರೋರು ಲಾಸನ್ ತಾನೇ? ಮನೆ ಕಳೆದುಕೊಂಡ ಲಾಸನ್! ಇವರ ಪಕ್ಕಕ್ಕೇ ಬಂದು ಕೂತಿದ್ದಾರೆ.

ಹಳೇ_ಪೇಪರ್:
ಹೌದು, ಅವರೇ. ನಾನು ಇಷ್ಟು ಸಲ ನೋಡಿದರೂ ಆ ಮನೆಯ ಲೆಕ್ಕ ತಲೆಗೆ ಬಂದಿರಲಿಲ್ಲ.

ಯಾರ್ಕ್‌ಶೈರ್_ಡಾಕ್ಟ್ರು:
ಕಾಗೆಯವರ ಪ್ರಶ್ನೆಗೆ ಉತ್ತರ ಕೊಡುವುದು ಮರೆತೆ, ಡ್ಯೂಟಿಯಲ್ಲಿದ್ದೆ. ಪೋಲ್ ಟ್ಯಾಕ್ಸ್ ನಾನು ಕಟ್ಟಿದೆ. ವೀಸಾದ ಹೆದರಿಕೆ. ಮೊದಲ ಕಂತು ತಡವಾಗಿದ್ದಕ್ಕೆ ಕೆಂಪಕ್ಷರದ ನೋಟಿಸು ಬಂದಿತ್ತು, ಅದನ್ನು ನೋಡಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಪಕ್ಕದ ರೂಮಿನ ಐರಿಷ್ ಡಾಕ್ಟರ್ ಒಂದು ಪೆನ್ನಿಯನ್ನೂ ಕಟ್ಟಲಿಲ್ಲ. ಮರುವರ್ಷ ಮಾರ್ಚಿನಲ್ಲಿ ಮೇಜರ್ ಸರ್ಕಾರ ಆ ತೆರಿಗೆ ತೆಗೆಯುತ್ತೇವೆ ಅಂತ ಘೋಷಿಸಿದಾಗ ಅವನು ನನ್ನ ಬಾಗಿಲು ತಟ್ಟಿ ತನ್ನ ಬಿಲ್ಲುಗಳ ಕಟ್ಟನ್ನು ಬಿಡಿಸಿ ತೋರಿಸಿದ. ಒಂದನ್ನೂ ಒಡೆದಿರಲಿಲ್ಲ.